“ಇನ್ನೆರಡು ಶೀಟ್ ಅಷ್ಟೇ”: ಚಳಿಗಾಳಿಯಲ್ಲಿ ಚಾವಣಿ ಕೆಲಸ, ಒಂದು ಪ್ರಕರಣ ಅಧ್ಯಯನ

ಥರ್ಮಾಮೀಟರ್ ಸೊನ್ನೆಗಿಂತ ಮೇಲಿದ್ದರೆ ಚಳಿಯನ್ನು ಯಾರೂ ಅಪಾಯ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಮ ಇಲ್ಲ, ನೀರು ಹೆಪ್ಪುಗಟ್ಟಿಲ್ಲ, ಮತ್ತೇನು ಭಯ? ಈ ಪ್ರಕರಣದ ದಿನ ಬೆಳಿಗ್ಗೆ 3 ಡಿಗ್ರಿ ಸೆಲ್ಸಿಯಸ್ ಇತ್ತು. ಸಂಜೆವರೆಗೂ ಅದು ಸೊನ್ನೆಗೆ ಇಳಿಯಲೇ ಇಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಒಬ್ಬ ಪಳಗಿದ ಕೆಲಸಗಾರರಿಗೆ 12 ಮೀಟರ್ ಎತ್ತರದಲ್ಲಿ ತಮ್ಮ ಸೇಫ್ಟಿ ಹುಕ್ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಹಾಕಿಕೊಂಡಿದ್ದೇನೆ ಅಂತಲೇ ಅವರು ನಂಬಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಾವುದೋ ಒಂದು ಕಂಪನಿಯಲ್ಲಿ ನಡೆದ ಅಪಘಾತದ ವರದಿ ಅಲ್ಲ. ಎತ್ತರದ ಜಾಗದಲ್ಲಿ, ಚಳಿಗಾಳಿಯಲ್ಲಿ ದುಡಿಯುವ ತಂಡಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ದಿನಕ್ಕೆ ಜೋಡಿಸಿ, ತರಬೇತಿಗೆಂದು ಬರೆದ ಪ್ರಕರಣ. ಈ ಕೆಲಸ ಮಾಡಿದವರಿಗೆ ಇದರಲ್ಲಿ ಹೊಸದು ಕಡಿಮೆ. ಹೀಗೆ ಸಾಲಾಗಿ ಜೋಡಿಸಿ ನೋಡಿರುವುದು ಕಡಿಮೆ, ಅಷ್ಟೇ.

ಕೆಲಸ ಮತ್ತು ಜನ

ಒಂದು ಗೋದಾಮಿನ ಚಾವಣಿ. ತುಕ್ಕು ಹಿಡಿದ ಹಳೆ ಶೀಟ್ ಬಿಚ್ಚಿ, ಕೆಳಗೆ ಇನ್ಸುಲೇಷನ್ ಹಲಗೆ ಹಾಸಿ, ಹೊಸ ಶೀಟ್ ಕೂರಿಸಿ ಸ್ಕ್ರೂ ಹೊಡೆಯಬೇಕು. ಒಂದೊಂದು ಶೀಟ್ 3 ಮೀಟರ್ ಉದ್ದ, 1 ಮೀಟರ್ ಅಗಲ. ತಂಡದಲ್ಲಿ ಐವರು: ಮೇಸ್ತ್ರಿ, ಇಬ್ಬರು ಫಿಟ್ಟರ್, ಒಬ್ಬ ಹೆಲ್ಪರ್ ಹುಡುಗ, ಕೆಳಗಿಂದ ಸಾಮಾನು ಕಳಿಸಲು ಇನ್ನೊಬ್ಬರು. ಹತ್ತಲು ಇಳಿಯಲು ಬೂಮ್ ಲಿಫ್ಟ್, ಅಂದರೆ ಉದ್ದ ತೋಳಿನ ತುದಿಯಲ್ಲಿ ಜನರನ್ನು ಎತ್ತುವ ತೊಟ್ಟಿಲಿರುವ ಯಂತ್ರ. ತುರ್ತಿಗೆ ಒಂದು ಉದ್ದ ಏಣಿ. ಕೂಲಿ ಶೀಟಿನ ಲೆಕ್ಕದಲ್ಲಿ.

ಕೊನೆಯ ವಿವರವನ್ನು ಸುಮ್ನೆ ಬರೆದಿಲ್ಲ. ಅದು ಮುಂದೆ ಮತ್ತೆ ಬರುತ್ತದೆ.

ಇಬ್ಬರು ಫಿಟ್ಟರ್‌ಗಳಲ್ಲಿ ಹಿರಿಯರ ಮೇಲೆ ಈ ಪ್ರಕರಣ ನಿಂತಿದೆ. ತೆಳ್ಳನೆಯ ಮೈ, ಚುರುಕು ಕೈ. ತಂಡದಲ್ಲಿ ಜಾಸ್ತಿ ಅನುಭವ ಇರುವುದು ಅವರಿಗೇ. ಅವತ್ತು ಅವರು ತೊಟ್ಟಿದ್ದು ಹತ್ತಿಯ ಬನಿಯನ್, ಅದರ ಮೇಲೆ ದಪ್ಪ ಸ್ವೆಟರ್, ಅದರ ಮೇಲೆ ಹತ್ತಿ ತುಂಬಿದ ಜಾಕೆಟ್. ಬಟ್ಟೆ ಕಡಿಮೆ ಇತ್ತು ಅಂತ ಯಾರೂ ಹೇಳುವಂತಿರಲಿಲ್ಲ. ಆದರೆ ಆ ಜಾಕೆಟ್ ಗಾಳಿ ತಡೆಯುತ್ತಿರಲಿಲ್ಲ, ನೀರನ್ನೂ ತಡೆಯುತ್ತಿರಲಿಲ್ಲ.

ಹವಾಮಾನ ಮುನ್ಸೂಚನೆ ಸರಿಯಾಗಿಯೇ ಇತ್ತು: ಬೆಳಿಗ್ಗೆ ಗಂಟೆಗೆ 20 ಕಿಲೋಮೀಟರ್ ಗಾಳಿ, ಮಧ್ಯಾಹ್ನಕ್ಕೆ 40, ನಡುವೆ ತುಂತುರು ಮಳೆ. ಮೇಸ್ತ್ರಿ ಅದನ್ನು ನೋಡಿದ್ದರು. “ಮಳೆ ಬರೋದ್ರೊಳಗೆ ಮುಗಿಸಿಬಿಡೋಣ” ಅಂತ ಬೇಗ ಶುರು ಮಾಡಿಸಿದ್ದೂ ಅದಕ್ಕೇ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ

ಮೊದಲ ಎರಡು ಗಂಟೆ ಎಲ್ಲ ಚೆನ್ನಾಗಿತ್ತು. ಚೆನ್ನಾಗಿತ್ತು ಅನ್ನುವುದೇ ತೊಂದರೆಯ ಬೇರು. ಹಳೆ ಶೀಟ್ ಬಿಚ್ಚುವುದು ಭಾರದ ಕೆಲಸ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವಾಟ್ ಶಾಖ ಹುಟ್ಟಿಸಿದರೆ, ಇಂಥ ದುಡಿಮೆಯಲ್ಲಿ ಅದು ಮೂರು ನಾಲ್ಕು ಪಟ್ಟಾಗುತ್ತದೆ. ಚಳಿ ಅನ್ನಿಸುವುದೇ ಇಲ್ಲ. ಹಿರಿಯ ಫಿಟ್ಟರ್ ಜಾಕೆಟ್ ಬಿಚ್ಚಲಿಲ್ಲ. ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಪಟ್ಟಿ, ಹಾರ್ನೆಸ್, ಜಾಕೆಟ್ಟಿನ ಮೇಲೆ ಕಟ್ಟಿತ್ತು. ಒಂದು ಪದರ ತೆಗೆಯಬೇಕೆಂದರೆ ಹಾರ್ನೆಸ್ ಬಿಚ್ಚಬೇಕು, ಅದಕ್ಕೆ ಕೆಳಗಿಳಿಯಬೇಕು. ಯಾರು ಇಳಿಯುತ್ತಾರೆ? ಬೆನ್ನಿನ ಕಡೆ ಬನಿಯನ್ ಬೆವರಿಗೆ ಒದ್ದೆಯಾಯಿತು. ಆಗ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಹತ್ತು ಗಂಟೆಗೆ ವಿರಾಮ ಇತ್ತು. ತೆಗೆದುಕೊಳ್ಳಲಿಲ್ಲ. ಬಿಸಿ ಪಾನೀಯದ ಫ್ಲಾಸ್ಕ್ ಕೆಳಗಿತ್ತು. ಇಳಿದು ಹತ್ತುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ, ಅಷ್ಟರಲ್ಲಿ ಎರಡು ಶೀಟ್ ಕೂರಿಸಬಹುದು ಅನ್ನುವ ಲೆಕ್ಕ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಳಿಯಲ್ಲಿ ಚರ್ಮದ ರಕ್ತನಾಳ ಬಿಗಿದು ರಕ್ತ ಮೈಯೊಳಕ್ಕೆ ಸರಿಯುತ್ತದೆ, ಮೂತ್ರ ಜಾಸ್ತಿಯಾಗುತ್ತದೆ. ಹಾರ್ನೆಸ್ ಕಟ್ಟಿಕೊಂಡು ಚಾವಣಿ ಮೇಲಿರುವವರಿಗೆ ಅದು ದೊಡ್ಡ ತಲೆನೋವು. ಹಾಗಾಗಿ ಎಷ್ಟೋ ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಹಿರಿಯ ಫಿಟ್ಟರ್ ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿದಿರಲಿಲ್ಲ.

ಹನ್ನೊಂದರ ಹೊತ್ತಿಗೆ ಕೆಲಸದ ರೀತಿ ಬದಲಾಯಿತು. ಎತ್ತುವುದು, ಎಳೆಯುವುದು ಮುಗಿಯಿತು. ಇನ್ನು ಮಂಡಿಯೂರಿ ಸ್ಕ್ರೂ ಹೊಡೆಯುವುದು. ಮೈ ಹುಟ್ಟಿಸುವ ಶಾಖ ಅರ್ಧಕ್ಕಿಂತ ಕೆಳಗೆ ಬಂತು. ಗಾಳಿ ಎರಡು ಪಟ್ಟಾಯಿತು. ತುಂತುರು ಶುರುವಾಯಿತು. ಒಳಗೆ ಬೆವರಿನ ಒದ್ದೆ, ಹೊರಗೆ ಮಳೆಯ ಒದ್ದೆ. ಕೆಳಗೆ ಮಂಡಿಗೆ ತಾಗುವ ತಣ್ಣನೆ ಲೋಹ.

ದಪ್ಪ ಕೈಗವಸಿನಲ್ಲಿ ಸ್ಕ್ರೂ ಹಿಡಿಯಲು ಆಗುವುದಿಲ್ಲ. ಅವರು ಬಲಗೈ ಗವಸು ತೆಗೆದು ಜೇಬಿಗೆ ಹಾಕಿದರು. ಅರ್ಧ ಗಂಟೆಯಲ್ಲಿ ಸ್ಕ್ರೂಗಳು ಬೀಳತೊಡಗಿದವು. ಮೊದಲು ಒಂದು, ಆಮೇಲೆ ಎರಡು ಮೂರು. ಶೀಟಿನ ಮೇಲೆ ಟಣಟಣ ಉರುಳಿ ಅಂಚಿನಿಂದ ಕೆಳಗೆ. ಹೆಲ್ಪರ್ ಹುಡುಗ ಹೊಸ ಡಬ್ಬಿ ತಂದುಕೊಟ್ಟಾಗ ಅವನ ಮೇಲೆ ರೇಗಿದರು. ಅವರು ರೇಗುವ ಮನುಷ್ಯರೇ ಅಲ್ಲ. ಹುಡುಗನಿಗೆ ವಿಚಿತ್ರ ಅನ್ನಿಸಿತು, ಆದರೆ ಸುಮ್ಮನಾದ.

ಆಮೇಲೆ ಹುಕ್. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗುವಾಗ ಲ್ಯಾನ್ಯಾರ್ಡಿನ (ಹಾರ್ನೆಸ್ಸಿಗೆ ಕಟ್ಟಿದ ಸುರಕ್ಷತಾ ಹಗ್ಗದ) ಹುಕ್ಕನ್ನು ಒಂದು ಆಧಾರದಿಂದ ತೆಗೆದು ಇನ್ನೊಂದಕ್ಕೆ ಹಾಕಬೇಕು. ಹುಕ್ಕಿನ ಬೆನ್ನಿಗೆ ಒಂದು ಬೀಗ, ಮುಂದೆ ಸ್ಪ್ರಿಂಗ್ ಬಾಗಿಲು. ಅಂಗೈಯಿಂದ ಬೀಗ ಒತ್ತಿ, ಹೆಬ್ಬೆರಳಿನಿಂದ ಬಾಗಿಲು ತಳ್ಳಿದರೆ ತೆರೆಯುತ್ತದೆ. ಬಿಟ್ಟರೆ ‘ಟಕ್’ ಅಂತ ಮುಚ್ಚುತ್ತದೆ. ಹಿರಿಯ ಫಿಟ್ಟರ್ ಹೆಬ್ಬೆರಳು ಒತ್ತಿದರು, ಬಾಗಿಲು ಅಲುಗಲಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದು ಒತ್ತಿದರು. ಅರ್ಧ ತೆರೆಯಿತು. ಹುಕ್ಕನ್ನು ಆಧಾರದ ಕೇಬಲ್ಲಿನ ಮೇಲೆ ಒತ್ತಿ ಬಿಟ್ಟರು. ಗಾಳಿಯ ಸದ್ದಿನಲ್ಲಿ ‘ಟಕ್’ ಕೇಳಿಸಿತೋ ಇಲ್ಲವೋ ಗೊತ್ತಾಗುವಂತಿರಲಿಲ್ಲ. ಬೆರಳಿಗೂ ಗೊತ್ತಾಗಲಿಲ್ಲ. ಎದ್ದು ಹೊರಟರು. ಕೇಬಲ್ ಹುಕ್ಕಿನ ಮೂತಿಗೆ ಸುಮ್ಮನೆ ಒರಗಿಕೊಂಡಿತ್ತು. ಬಾಗಿಲಿನ ಒಳಗೆ ಹೋಗಿರಲೇ ಇಲ್ಲ.

ಹುಡುಗ ನೋಡಿದ. “ಅಣ್ಣಾ, ಹುಕ್ ಬಿದ್ದಿಲ್ಲ.”

“ಬಿದ್ದಿದೆ, ಸುಮ್ನಿರು.”

ಹುಡುಗ ಹೋಗಿ ತಾನೇ ಹುಕ್ ಹಾಕಿದ. ಅದೇ ಹೊತ್ತಿಗೆ ಗಾಳಿ ಜೋರಾಗಿ ಬೀಸಿ, ಇನ್ನೊಬ್ಬ ಫಿಟ್ಟರ್ ಹಿಡಿದು ನಿಂತಿದ್ದ ಶೀಟ್ ಎದ್ದಿತು. ಅವರು ಕೂಡಲೇ ಅದನ್ನು ಕೆಳಗೆ ಒತ್ತಿ ಮೇಲೆ ಮಲಗಿಬಿಟ್ಟರು, ಬಚಾವಾದರು. ಹಿರಿಯರು ಎರಡು ಹೆಜ್ಜೆ ದೂರದಲ್ಲಿದ್ದರೂ ಸಹಾಯಕ್ಕೆ ಬರಲಿಲ್ಲ. ನೋಡುತ್ತಾ ನಿಂತಿದ್ದರು.

ಆಗ ಹುಡುಗ ಮೇಸ್ತ್ರಿಯನ್ನು ಕೂಗಿದ. ಮೇಸ್ತ್ರಿ ಬಂದು ಕೇಳಿದಾಗ ಬಂದ ಉತ್ತರವೇ ಈ ಬರಹದ ತಲೆಬರಹ: “ನಂಗೇನಾಗಿದೆ? ಇನ್ನೆರಡು ಶೀಟ್ ಅಷ್ಟೇ, ಮುಗಿಸ್ಕೊಂಡೇ ಇಳಿಯೋಣ.” ಮಾತು ತೊದಲುತ್ತಿತ್ತು. ನಿಜಕ್ಕೂ ಬಾಕಿ ಇದ್ದದ್ದು ಎರಡಲ್ಲ, ಒಂಬತ್ತು ಶೀಟ್.

ಇಳಿಸಿದ್ದು ಹೇಗೆ

ಮೇಸ್ತ್ರಿಯ ಮೊದಲ ಯೋಚನೆ, ಬೇಗ ಕೆಳಗಿಳಿಸಬೇಕು. ಸರಿಯೇ. ಆದರೆ ಹೇಗೆ? ಬೂಮ್ ಲಿಫ್ಟಿಗೆ ಗಾಳಿಯ ಮಿತಿ ಇರುತ್ತದೆ. ಹೊರಾಂಗಣದಲ್ಲಿ ಬಳಸುವ ಇಂಥ ಬಹಳಷ್ಟು ಲಿಫ್ಟ್‌ಗಳಿಗೆ ಅದು ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿಲೋಮೀಟರ್. ಬೀಸು, ಅಂದರೆ ಒಮ್ಮೆಲೇ ಜೋರಾಗಿ ಹೊಡೆಯುವ ಗಾಳಿ, ಬಂದಾಗಲೆಲ್ಲ ವೇಗ ಅದನ್ನು ದಾಟುತ್ತಿತ್ತು. ಉಳಿದದ್ದು ಏಣಿ. ಹುಕ್ ಒತ್ತಲಾಗದ ಕೈ ಏಣಿಯ ಮೆಟ್ಟಿಲನ್ನು ಹಿಡಿಯುತ್ತದಾ? ಇನ್ನೊಬ್ಬ ಫಿಟ್ಟರ್ “ನಾನು ಕೆಳಗಿಂದ ಹಿಡ್ಕೊತೀನಿ, ಇಳಿಸೋಣ” ಅಂದರು. ಮೇಸ್ತ್ರಿ ಬೇಡ ಅಂದರು. ಆ ದಿನದ ಅತ್ಯುತ್ತಮ ತೀರ್ಮಾನ ಅದು ಅಂತ ನನ್ನ ಅಭಿಪ್ರಾಯ. ಇಳಿಯುವ ದಾರಿಯಲ್ಲೇ ಬಿದ್ದು ಸಾಯುವುದಕ್ಕಿಂತ ಚಾವಣಿಯ ಮೇಲೆ ಇಪ್ಪತ್ತು ನಿಮಿಷ ಕಾಯುವುದು ಮೇಲು. ಮೇಲೆ ಬೆಚ್ಚಗೆ ಮಾಡಲು ದಾರಿ ಇದ್ದರೆ ಮಾತ್ರ, ಅದು ಬೇರೆ ಮಾತು.

ದಾರಿ ಇತ್ತು, ಅಲ್ಲೇ ಬಿದ್ದಿತ್ತು. ಚಾವಣಿಗೆಂದೇ ತಂದ ಇನ್ಸುಲೇಷನ್ ಹಲಗೆಗಳು. ಅವುಗಳನ್ನು ಸುತ್ತಿ ಬಂದಿದ್ದ ದಪ್ಪ ಪ್ಲಾಸ್ಟಿಕ್ ಹಾಳೆ. ಗಾಳಿಗೆ ಮರೆಯಾಗಿದ್ದ ಅಡ್ಡಗೋಡೆಯ ಬುಡದಲ್ಲಿ ಎರಡು ಹಲಗೆ ಹಾಸಿ ಅವರನ್ನು ಕೂರಿಸಿದರು. ಒದ್ದೆ ಜಾಕೆಟ್, ಸ್ವೆಟರ್, ಬನಿಯನ್ ತೆಗೆಸಿದರು. ಹುಡುಗ ತನ್ನ ಒಣ ಸ್ವೆಟರ್ ಕೊಟ್ಟ, ಮೇಸ್ತ್ರಿ ತಮ್ಮ ಗಾಳಿ ತಡೆಯುವ ಕೋಟು ಕೊಟ್ಟರು. ಅದರ ಮೇಲೆ ಹಾರ್ನೆಸ್ ಮತ್ತೆ ಕಟ್ಟಿ, ಹುಕ್ಕನ್ನು ಮೇಸ್ತ್ರಿಯೇ ಹಾಕಿದರು. ಕುತ್ತಿಗೆಯಿಂದ ಕಾಲವರೆಗೆ ಪ್ಲಾಸ್ಟಿಕ್ ಸುತ್ತಿದರು, ಮುಖ ಮಾತ್ರ ಬಿಟ್ಟು. ಪ್ಲಾಸ್ಟಿಕ್ ತಾನಾಗಿ ಬೆಚ್ಚಗೆ ಮಾಡುವುದಿಲ್ಲ. ಗಾಳಿ ನುಗ್ಗುವುದನ್ನೂ ಒದ್ದೆ ಆರಿ ಶಾಖ ಹೋಗುವುದನ್ನೂ ನಿಲ್ಲಿಸುತ್ತದೆ. ಅಲ್ಲಿ ಬೇಕಾಗಿದ್ದದ್ದು ಅದೇ.

ಇನ್ನೊಬ್ಬ ಫಿಟ್ಟರ್ ಅವರ ಕೈಗಳನ್ನು ಉಜ್ಜಲು ಹೋದರು. ಮೇಸ್ತ್ರಿ ತಡೆದರು. ಉಜ್ಜಿದರೆ ಮರಗಟ್ಟಿದ ಚರ್ಮಕ್ಕೆ ಪೆಟ್ಟಾಗುತ್ತದೆ. ಬಿಸಿ ಬೇಕಾಗಿರುವುದು ಎದೆಗೆ, ಕಂಕುಳಿಗೆ. ಫ್ಲಾಸ್ಕನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದರು. ಅವರು ಎಚ್ಚರವಾಗಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಲೋಟ ಹಿಡಿಯಲಾಗದಿದ್ದರೂ ನುಂಗಲು ಆಗುತ್ತಿತ್ತು. ಹಾಗಾಗಿ ಸಕ್ಕರೆ ಹಾಕಿದ ಬಿಸಿ ಪಾನೀಯ ಕುಡಿಸಿದ್ದು ಸರಿ. ಅರೆಪ್ರಜ್ಞೆಯಲ್ಲಿದ್ದರೆ ಬಾಯಿಗೆ ಏನೂ ಹಾಕಬಾರದು. ಮದ್ಯವಂತೂ ಯಾವಾಗಲೂ ಬೇಡ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬೆಚ್ಚಗಾದ ಭ್ರಮೆ ಕೊಡುತ್ತದೆ, ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಸ್ವಲ್ಪ ಹೊತ್ತಿಗೆ ಅವರು ಗಡಗಡ ನಡುಗತೊಡಗಿದರು. ಹುಡುಗ ಹೆದರಿದ. ಹೆದರಬೇಕಾಗಿರಲಿಲ್ಲ. ನಡುಕ ಮೈಯ ಸ್ವಂತ ಹೀಟರ್. ಹೆದರಬೇಕಾದದ್ದು ಅದಕ್ಕೆ ಮುಂಚೆ, ಒದ್ದೆಯಲ್ಲಿ ಗಾಳಿಗೆ ಕೂತಿದ್ದರೂ ನಡುಕ ಕಡಿಮೆಯಾಗಿದ್ದಾಗ. “ಈಗ ಅಷ್ಟು ಚಳಿ ಇಲ್ಲ” ಅಂತ ಅವರೇ ಹೇಳಿದ್ದರಂತೆ. ಮೈ ತಣ್ಣಗಾಗುತ್ತಲೇ ಇದ್ದು ನಡುಕ ನಿಂತರೆ ಅದು ಸುಧಾರಣೆ ಅಲ್ಲ. ಹೀಟರಿನ ಸೌದೆ ಮುಗಿಯುತ್ತಾ ಬಂದಿದೆ ಅಂತ ಅರ್ಥ.

ಗಾಳಿ ಸ್ವಲ್ಪ ತಗ್ಗಿದಾಗ ಲಿಫ್ಟಿನಲ್ಲಿ ಇಳಿಸಿದರು. ಅಷ್ಟರಲ್ಲಿ ಕೆಳಗಿದ್ದವರು ಆಂಬುಲೆನ್ಸಿಗೆ ಫೋನ್ ಮಾಡಿದ್ದರು. ಸೈಟಿನಲ್ಲಿದ್ದ ಹಣೆಗೆ ಹಿಡಿಯುವ ಥರ್ಮಾಮೀಟರ್ ‘ಲೋ’ ಅಂತ ತೋರಿಸಿತು, ಅಷ್ಟೇ. ಅದರಿಂದ ಉಪಯೋಗವಿಲ್ಲ. ತಣ್ಣಗಾದ ಹಣೆ ಒಳಗಿನ ಉಷ್ಣತೆಯನ್ನು ಹೇಳುವುದಿಲ್ಲ. ಅವರು ನಡೆಯುತ್ತೇನೆ ಅಂದರು, ಬಿಡಲಿಲ್ಲ. ತಣ್ಣಗಾದ ಕೈಕಾಲು ಆಡಿಸಿದರೆ ಅಲ್ಲಿನ ತಣ್ಣನೆ ರಕ್ತ ಎದೆಗೆ ಬಂದು ಒಳಗಿನ ಉಷ್ಣತೆ ಇನ್ನಷ್ಟು ಇಳಿಯಬಹುದು. ಸೌಮ್ಯ ಹಂತದಲ್ಲೂ ಕನಿಷ್ಠ ಅರ್ಧ ಗಂಟೆ ಕೂರಿಸಿ ಬೆಚ್ಚಗೆ ಮಾಡಿದ ಮೇಲೆಯೇ ಎಬ್ಬಿಸಬೇಕು. ಆಸ್ಪತ್ರೆಯಲ್ಲಿ ಸೌಮ್ಯ ಹೈಪೋಥರ್ಮಿಯಾ ಅಂದರು, ಅಂದರೆ ಒಳಗಿನ ಉಷ್ಣತೆ 35 ಡಿಗ್ರಿಯಿಂದ ಕೆಳಗೆ, 32ಕ್ಕಿಂತ ಮೇಲೆ. ಮರುದಿನ ಮನೆಗೆ ಹೋದರು.

ಇಷ್ಟಕ್ಕೇ ಮುಗಿಯಲಿಲ್ಲ. ಉಳಿದವರು ಬೆಚ್ಚಗಾಗಲು ಸಾಮಾನಿನ ಕಂಟೇನರಿನೊಳಗೆ ಗ್ಯಾಸ್ ಹೀಟರ್ ಹಚ್ಚಿ, ಗಾಳಿ ಬರುತ್ತದೆ ಅಂತ ಬಾಗಿಲು ಮುಚ್ಚಿ ಕೂತರು. ಒಂದು ಗಂಟೆಯಲ್ಲಿ ಇಬ್ಬರಿಗೆ ತಲೆನೋವು, ಒಬ್ಬರಿಗೆ ವಾಕರಿಕೆ. “ಚಳಿಗೆ ಹಿಡ್ಕೊಂಡಿದೆ” ಅಂದುಕೊಂಡರು. ಕೆಳಗೆ ಕೆಲಸ ಮಾಡುತ್ತಿದ್ದವರು ಬಾಗಿಲು ತೆಗೆದದ್ದು ಪುಣ್ಯ. ಮುಚ್ಚಿದ ಜಾಗದಲ್ಲಿ ಉರಿಯುವ ಹೀಟರ್ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ಮಂಪರು, ಗೊಂದಲ, ಎಲ್ಲವೂ ಚಳಿಯ ಲಕ್ಷಣದ ಹಾಗೇ ಕಾಣುತ್ತವೆ. ಒಂದೇ ದಿನ ಎರಡು ಅಪಾಯ, ಎರಡನೆಯದು ಮೊದಲನೆಯದಕ್ಕೆ ಮಾಡಿದ ಪರಿಹಾರದಿಂದಲೇ ಬಂದದ್ದು.

ಅಂಕಿ ಏನು ಹೇಳಿತು, ಏನು ಹೇಳಲಿಲ್ಲ

ಆಮೇಲೆ ನಡೆದ ಚರ್ಚೆಯಲ್ಲಿ ಮೇಸ್ತ್ರಿ ಒಂದು ಪ್ರಶ್ನೆ ಎತ್ತಿದರು. “ವಿಂಡ್ ಚಿಲ್ ನೋಡಿದ್ದೆ. ಮೈನಸ್ ಮೂರು ಅಂತಿತ್ತು. ಅದಕ್ಕೆ ಕೆಲಸ ನಿಲ್ಲಿಸ್ತಾರಾ ಯಾರಾದ್ರೂ?” ನ್ಯಾಯವಾದ ಪ್ರಶ್ನೆ. ವಿಂಡ್ ಚಿಲ್ ಅಂದರೆ ಗಾಳಿಯೂ ಸೇರಿದಾಗ ಎಷ್ಟು ಡಿಗ್ರಿಯ ಚಳಿ ಅನ್ನಿಸುತ್ತದೆ ಅಂತ ಹೇಳುವ ಅಂಕಿ.

ಈಗ ಬಳಕೆಯಲ್ಲಿರುವ ಸೂತ್ರಕ್ಕೆ 3 ಡಿಗ್ರಿ ಮತ್ತು 20 ಕಿಲೋಮೀಟರ್ ಗಾಳಿ ಹಾಕಿದರೆ ಸುಮಾರು ಮೈನಸ್ 1 ಬರುತ್ತದೆ. ಗಾಳಿ 40ಕ್ಕೆ ಏರಿದರೆ ಸುಮಾರು ಮೈನಸ್ 3. ಗಾಳಿ ಇಮ್ಮಡಿಯಾದರೂ ಅಂಕಿ ಎರಡೇ ಡಿಗ್ರಿ ಇಳಿಯಿತು. ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ.

ಆದರೆ ಆ ಅಂಕಿ ಯಾರ ಮೈಯದು? ಇದರ ಮೂಲ ಅಂಟಾರ್ಕ್ಟಿಕಾದಲ್ಲಿದೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅಲ್ಲಿ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರಿಟ್ಟು, ಗಾಳಿಗೆ ಅದು ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ಅಳೆದರು, 1945ರಲ್ಲಿ ಪ್ರಕಟಿಸಿದರು. ಅಮೆರಿಕ ಮತ್ತು ಕೆನಡಾ 2001ರಲ್ಲಿ ಲೆಕ್ಕವನ್ನು ತಿದ್ದಿದವು. ಸ್ವಯಂಸೇವಕರನ್ನು ತಣ್ಣನೆ ಗಾಳಿಯ ಸುರಂಗದಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ, ಮುಖ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಅಂತ ನೋಡಿದರು. ಅಂದರೆ ಈ ಅಂಕಿ ನಡೆಯುತ್ತಿರುವ ಮನುಷ್ಯನ ತೆರೆದ ಮುಖದ್ದು. ಒದ್ದೆ ಬನಿಯನ್ ತೊಟ್ಟು ಲೋಹದ ಮೇಲೆ ಮಂಡಿಯೂರಿ ಕೂತವರ ಬಗ್ಗೆ ಅದು ಏನೂ ಹೇಳುವುದಿಲ್ಲ, ಹೇಳಲು ಹುಟ್ಟಿದ್ದೂ ಅಲ್ಲ. ಕಡು ಚಳಿಯಲ್ಲಿ ಅದು ತುಂಬಾ ಉಪಯುಕ್ತ. ಮೈನಸ್ 28ರ ಆಸುಪಾಸಿಗೆ ಬಂದರೆ ತೆರೆದ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು ಅಂತ ಅದು ಸರಿಯಾಗಿಯೇ ಎಚ್ಚರಿಸುತ್ತದೆ. ಗಾಳಿಯ ಉಷ್ಣತೆ ಸೊನ್ನೆಗಿಂತ ಮೇಲಿದ್ದರೆ ಎಂಥ ಗಾಳಿಗೂ ಚರ್ಮ ಹೆಪ್ಪುಗಟ್ಟುವುದಿಲ್ಲ. ಹೈಪೋಥರ್ಮಿಯಾಗೆ ಈ ಗಡಿ ಇಲ್ಲ.

ಕೆಲಸ ಮತ್ತು ವಿರಾಮದ ವೇಳಾಪಟ್ಟಿಗಳದ್ದೂ ಇದೇ ಕಥೆ. ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ಸಂಸ್ಥೆ ಎಸಿಜಿಐಎಚ್‌ನ ಪಟ್ಟಿ ಬಹಳ ಕಡೆ ಬಳಕೆಯಲ್ಲಿದೆ. ಅದರ ಪ್ರಕಾರ ಮೈನಸ್ 26ರ ಚಳಿಯಲ್ಲಿ ಗಾಳಿ ಇಲ್ಲದಿದ್ದರೆ ನಾಲ್ಕು ಗಂಟೆಗೆ ಮಾಮೂಲಿ ಒಂದು ವಿರಾಮ ಸಾಕು. ಗಂಟೆಗೆ 32 ಕಿಲೋಮೀಟರ್ ಗಾಳಿ ಇದ್ದರೆ ಒಂದೇ ಸಮ 40 ನಿಮಿಷಕ್ಕಿಂತ ಜಾಸ್ತಿ ಕೆಲಸ ಬೇಡ, ನಾಲ್ಕು ವಿರಾಮ ಬೇಕು. ಚೆನ್ನಾಗಿದೆ. ಆದರೆ ಪಟ್ಟಿ ಶುರುವಾಗುವುದೇ ಮೈನಸ್ 26ರಿಂದ. ಅದು ಒಣ ಬಟ್ಟೆ ತೊಟ್ಟವರಿಗೆ. ಪ್ಲಸ್ 3 ಡಿಗ್ರಿಯಲ್ಲಿ ನೆನೆಯುತ್ತಿರುವವರು ಯಾವ ಸಾಲನ್ನು ನೋಡಬೇಕು?

ಅವತ್ತಿನ ನಿಜವಾದ ಲೆಕ್ಕ ಒದ್ದೆಯದ್ದು. 100 ಗ್ರಾಂ ನೀರು ಬಟ್ಟೆಯಿಂದ ಆರಿ ಹೋಗಲು ಸುಮಾರು 240 ಕಿಲೋಜೂಲ್ ಶಾಖ ಬೇಕು. ಸುಮ್ಮನೆ ಕೂತ ಮೈ 40 ನಿಮಿಷದಲ್ಲಿ ಹುಟ್ಟಿಸುವ ಶಾಖ ಅಷ್ಟೇ. ಚರ್ಮಕ್ಕೆ ಅಂಟಿದ ಬನಿಯನ್ ಆರುವಾಗ ಅದರಲ್ಲಿ ದೊಡ್ಡ ಪಾಲನ್ನು ಮೈಯೇ ಕೊಡಬೇಕು. ಬೆವರು, ಮಳೆ ಸೇರಿ ನೂರು ಗ್ರಾಂ ಏನೂ ದೊಡ್ಡದಲ್ಲ, ಅರ್ಧ ಲೋಟ. ಜೊತೆಗೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಸ್ವೆಟರ್ ಬೆಚ್ಚಗಿಡುವುದು ನೂಲಿನ ನಡುವೆ ನಿಂತ ಗಾಳಿಯಿಂದ. ಅಲ್ಲಿ ನೀರು ತುಂಬಿದರೆ, ಅಥವಾ ಹೊರಗಿನ ಗಾಳಿ ನುಗ್ಗಿ ಒಳಗಿನ ಬೆಚ್ಚನೆ ಗಾಳಿಯನ್ನು ಹೊಡೆದೋಡಿಸಿದರೆ, ಅದು ಎಷ್ಟು ದಪ್ಪ ಇದ್ದರೂ ಅಷ್ಟೇ.

ಇನ್ನು ಕೈ. ಬೆರಳಿನ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದರೆ ಸೂಕ್ಷ್ಮ ಕೆಲಸ ಕೈಗೆ ಹತ್ತುವುದಿಲ್ಲ. 8ರ ಆಸುಪಾಸಿಗೆ ಬಂದರೆ ಸ್ಪರ್ಶವೇ ಗೊತ್ತಾಗುವುದಿಲ್ಲ. ಸ್ಕ್ರೂ ಬೀಳತೊಡಗಿದ್ದು ಮೊದಲ ಹಂತ, ಹುಕ್ ಬಿದ್ದಿದೆ ಅಂತ ನಂಬಿದ್ದು ಎರಡನೆಯದು. ಮೈ ಇನ್ನೂ ಅಪಾಯಕ್ಕೆ ಬರುವ ಮೊದಲೇ ಕೈ ಅಪಾಯಕ್ಕೆ ಬಂದಿರುತ್ತದೆ. ಎತ್ತರದಲ್ಲಿ ಕೆಲಸ ಮಾಡುವವರ ಜೀವ ಇರುವುದು ಆ ಕೈಯಲ್ಲೇ ತಾನೇ?

ಶೀಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 3 ಚದರ ಮೀಟರ್ ಶೀಟಿಗೆ 36 ಕಿಲೋಮೀಟರ್ ಗಾಳಿ ಎದುರಾಗಿ ಬಡಿದರೆ ಸುಮಾರು 18 ಕಿಲೋ ತೂಕದಷ್ಟು ತಳ್ಳುತ್ತದೆ. ಬೀಸು 54ಕ್ಕೆ ಹೋದರೆ ಅದು 40 ಕಿಲೋ ದಾಟುತ್ತದೆ. ಮುನ್ಸೂಚನೆಯ ಅಂಕಿ ಸರಾಸರಿ ಗಾಳಿಯದ್ದು. ಶೀಟನ್ನು ಎತ್ತಿ ಒಗೆಯುವುದು ಸರಾಸರಿ ಅಲ್ಲ, ಬೀಸು.

“ಅವರೇ ಹೇಳಬೇಕಿತ್ತು”

ಚರ್ಚೆಯಲ್ಲಿ ಒಬ್ಬರು ಈ ಮಾತು ಆಡಿದರು. ಅಷ್ಟು ಅನುಭವ ಇದ್ದವರು, ಆಗಲ್ಲ ಅಂತ ಇಳಿಯಬಹುದಿತ್ತಲ್ಲ? ನಾನು ಇದನ್ನು ಒಪ್ಪುವುದಿಲ್ಲ. ಚಳಿ ಕೈ ಹಿಡಿಯುವ ಹೊತ್ತಿಗೇ ತಲೆಯನ್ನೂ ಹಿಡಿಯುತ್ತದೆ. ಗೊಣಗುವುದು, ತೊದಲುವುದು, ಕೈ ತಪ್ಪುವುದು, ಎಡವುವುದು, ಇವು ಹೊರಗಿನವರಿಗೆ ಕಾಣುವ ಲಕ್ಷಣಗಳು. ಒಳಗಿರುವವರಿಗೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ. ತಾನು ಸರಿ ಇದ್ದೇನೋ ಇಲ್ಲವೋ ಅಂತ ತೂಗಿ ನೋಡುವ ಭಾಗವೇ ಮಂದವಾಗಿರುವಾಗ, ಅವರನ್ನು ಕೇಳಿ ತೀರ್ಮಾನಿಸುವುದರಲ್ಲಿ ಅರ್ಥವಿಲ್ಲ. ಅನುಭವ ಇಲ್ಲಿ ಕಾಪಾಡಲಿಲ್ಲ. ಉಲ್ಟಾ ಮಾಡಿತು. ಬೇರೆ ಯಾರಾದರೂ ಆಗಿದ್ದರೆ ಮೇಸ್ತ್ರಿ ಅರ್ಧ ಗಂಟೆ ಮುಂಚೆಯೇ ಇಳಿಸುತ್ತಿದ್ದರು. ‘ಅವರಿಗೆ ಗೊತ್ತಿರುತ್ತೆ’ ಅಂತ ಬಿಟ್ಟರು.

ಹಾಗಾಗಿ ಯಾವಾಗ ನಿಲ್ಲಿಸಬೇಕು ಅನ್ನುವ ತೀರ್ಮಾನ ಬೆಳಿಗ್ಗೆ ಬೆಚ್ಚಗಿರುವಾಗಲೇ ಆಗಿರಬೇಕು. ಮೇಲೆ ಹೋದ ಮೇಲೆ ಚರ್ಚೆಗೆ ಅವಕಾಶ ಇರಬಾರದು.

ತಂಡ ಬದಲಿಸಿಕೊಂಡದ್ದು

ಮೊದಲನೆಯದು ಅದೇ: ನಿಲ್ಲಿಸುವ ಗುರುತುಗಳು. ಗಾಳಿ ಅಳೆಯುವ ಚಿಕ್ಕ ಯಂತ್ರವನ್ನು ಚಾವಣಿಯ ಮೇಲೆಯೇ ಇಟ್ಟರು, ಕೆಳಗಿನ ಗಾಳಿಗೂ ಮೇಲಿನದಕ್ಕೂ ತುಂಬಾ ವ್ಯತ್ಯಾಸ ಇರುತ್ತದೆ. ಬೀಸು ಇಷ್ಟು ದಾಟಿದರೆ ಶೀಟ್ ಎತ್ತುವುದಿಲ್ಲ ಅಂತ ಒಂದು ಅಂಕಿ, ಲಿಫ್ಟಿನ ಮಿತಿಗಿಂತ ಸಾಕಷ್ಟು ಕೆಳಗೆ ಇನ್ನೊಂದು. ಎರಡನೆಯದಕ್ಕೆ ಬಂದರೆ ಎಲ್ಲರೂ ಇಳಿಯಬೇಕು. ಇಳಿಯುವ ದಾರಿ ಮುಚ್ಚಿದ ಮೇಲೆ ಇಳಿಯುವ ಯೋಚನೆ ಮಾಡಿ ಪ್ರಯೋಜನವಿಲ್ಲ. ಬೀಸಿನ ಅಂಕಿ ಏನೇ ಹೇಳಲಿ, ಒಳಬಟ್ಟೆ ಒದ್ದೆಯಾದರೆ ಇಳಿದು ಬದಲಿಸಬೇಕು ಅನ್ನುವುದು ಮೂರನೆಯ ಗುರುತು.

ಕೈಗೆ ಒಂದು ಸರಳ ಪರೀಕ್ಷೆ ಇಟ್ಟುಕೊಂಡರು. ಪ್ರತಿ ಸಾಲು ಮುಗಿದಾಗ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ಜೊತೆಗಾರನಿಗೆ ತೋರಿಸಬೇಕು. ಆಗದಿದ್ದರೆ ಹುಕ್ಕನ್ನು ಜೊತೆಗಾರನೇ ಹಾಕಬೇಕು, ಇಬ್ಬರೂ ಇಳಿಯಬೇಕು. ತಪಾಸಣೆಗೆ ಬಂದವರೊಬ್ಬರು ಇದನ್ನು ನೋಡಿ ನಕ್ಕರಂತೆ. ನಗಲಿ. ಎರಡು ಸೆಕೆಂಡ್ ಸಾಕು, ಸುಳ್ಳು ಹೇಳಲು ಆಗುವುದಿಲ್ಲ.

ಬಟ್ಟೆಯಲ್ಲಿ ಬದಲಾದದ್ದು ದಪ್ಪ ಅಲ್ಲ, ಕ್ರಮ. ಮೈಗೆ ತಾಗುವ ಪದರ ಉಣ್ಣೆಯದ್ದು ಅಥವಾ ಬೆವರು ಹೊರಗೆ ಸಾಗಿಸುವ ಸಿಂಥೆಟಿಕ್. ಹತ್ತಿ ಬೇಡ. ನಡುವೆ ಬೆಚ್ಚನೆ ಪದರ, ಹೊರಗೆ ಗಾಳಿ ಮಳೆ ತಡೆಯುವ ತೆಳು ಕೋಟು. ಭಾರದ ಕೆಲಸ ಶುರು ಮಾಡುವಾಗ ನಡುವಿನ ಪದರ ಇಲ್ಲದೆ, ಸ್ವಲ್ಪ ಚಳಿ ಅನ್ನಿಸುತ್ತಿರುವಾಗಲೇ ಮೇಲೆ ಹೋಗಬೇಕು. ಇದಕ್ಕೆ ಎಲ್ಲರೂ ಗೊಣಗಿದರು. ಚಳಿಯಲ್ಲಿ ಬಟ್ಟೆ ಕಡಿಮೆ ಮಾಡಿ ಅಂದರೆ ಯಾರು ಕೇಳುತ್ತಾರೆ? ಆದರೆ ಹತ್ತು ನಿಮಿಷದಲ್ಲಿ ಮೈ ಬಿಸಿಯಾಗುತ್ತದೆ, ಬೆವರು ಕಡಿಮೆ ಇರುತ್ತದೆ. ಸ್ಕ್ರೂ ಕೆಲಸಕ್ಕೆ ಮೊದಲು ಇಳಿದು, ಒಣ ಬನಿಯನ್ ಹಾಕಿ, ನಡುವಿನ ಪದರ ಸೇರಿಸಿ, ಬಿಸಿಯಾಗಿ ಏನಾದರೂ ಕುಡಿದು ಮತ್ತೆ ಹತ್ತುತ್ತಾರೆ. ಆ ಒಂದು ವಿರಾಮವನ್ನು ಯಾರೂ ತಪ್ಪಿಸುವಂತಿಲ್ಲ.

ಟೋಪಿಯ ಬಗ್ಗೆ ಒಂದು ಅಡ್ಡ ಮಾತು. ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ನಿಜವಲ್ಲ. ತಲೆ ಮೈಯ ಹತ್ತನೇ ಒಂದು ಭಾಗದಷ್ಟೂ ಇಲ್ಲ, ಶಾಖವೂ ಹೆಚ್ಚುಕಮ್ಮಿ ಅದೇ ಲೆಕ್ಕದಲ್ಲಿ ಹೋಗುತ್ತದೆ. ಹೆಲ್ಮೆಟ್ ಒಳಗೆ ತೆಳು ಟೋಪಿ ಸಾಕು. ದಪ್ಪ ಹುಡ್ ಹಾಕಿಕೊಂಡರೆ ಪಕ್ಕ ಕಾಣುವುದಿಲ್ಲ, ಕೂಗು ಕೇಳಿಸುವುದಿಲ್ಲ. ಚಾವಣಿಯ ಮೇಲೆ ಅದು ಹೊಸ ಅಪಾಯ.

ಕೈಗವಸಿಗೆ ಪೂರ್ತಿ ಪರಿಹಾರ ಸಿಗಲಿಲ್ಲ. ದಪ್ಪಗಿದ್ದರೆ ತೆಗೆಯುತ್ತಾರೆ, ತೆಗೆದರೆ ಹಾಕುವುದಿಲ್ಲ. ಕೊನೆಗೆ ಅಯಸ್ಕಾಂತದ ತುದಿ ಇರುವ ಸ್ಕ್ರೂ ಗನ್ ತಂದರು, ಸ್ಕ್ರೂಗಳನ್ನು ಕೆಳಗೇ ಪಟ್ಟಿಗೆ ಸಿಕ್ಕಿಸಿ ಕಳಿಸತೊಡಗಿದರು. ಬರಿಗೈ ಬೇಕಾದ ಕೆಲಸವೇ ಕಡಿಮೆಯಾಯಿತು. ಒಳಗೆ ತೆಳು ಗವಸು, ಹೊರಗೆ ದಪ್ಪದ್ದು, ಕಳಚಿದರೆ ಬೀಳದಂತೆ ಮಣಿಕಟ್ಟಿಗೆ ದಾರ. ಬಿಸಿ ಪೊಟ್ಟಣಗಳನ್ನೂ ನೋಡಿದರು. ಅದರಲ್ಲಿರುವುದು ಕಬ್ಬಿಣದ ಪುಡಿ, ಗಾಳಿ ಸಿಕ್ಕರೆ ಮಾತ್ರ ಬಿಸಿಯಾಗುತ್ತದೆ. ಒದ್ದೆಯಾದ ಬಿಗಿ ಗವಸಿನೊಳಗೆ ತಣ್ಣಗೆ ಕೂತಿರುತ್ತದೆ. ಜೇಬಿನಲ್ಲಿ ಪರವಾಗಿಲ್ಲ.

ಚಾವಣಿಯ ಮೇಲೆಯೇ ಗಾಳಿಗೆ ಮರೆಯಾಗಿ ಟಾರ್ಪಾಲಿನ ಒಂದು ಗೂಡು ಮಾಡಿ ಗಟ್ಟಿಯಾಗಿ ಕಟ್ಟಿದರು. ಅದರಲ್ಲಿ ಕೂರಲು ಇನ್ಸುಲೇಷನ್ ಹಲಗೆ, ಫ್ಲಾಸ್ಕ್, ಒಂದು ಜೊತೆ ಒಣ ಬಟ್ಟೆ, ಕಂಬಳಿ, ಪ್ಲಾಸ್ಟಿಕ್ ಹಾಳೆ. ಹೀಟರ್ ಇಲ್ಲ. ಕೆಳಗಿನ ಕಂಟೇನರಿಗೆ ವಿದ್ಯುತ್ ಹೀಟರ್ ಬಂತು, ಗ್ಯಾಸಿನದ್ದನ್ನು ವಾಪಸ್ ಕಳಿಸಿದರು.

ನಿಲ್ಲಿಸುವ ಅಧಿಕಾರ ಈಗ ಹೆಲ್ಪರಿಗೂ ಇದೆ, ಕಾಗದದ ಮೇಲೆ. ಹುಡುಗ ಅದನ್ನು ಎಷ್ಟು ಬಳಸುತ್ತಾನೋ ನೋಡಬೇಕು. ಅವತ್ತೂ ರೇಗಿಸಿಕೊಂಡ ಮೇಲೆ ಸುಮ್ಮನಾಗಿದ್ದ. ಹುಕ್ ಬಿಟ್ಟದ್ದು ಕಣ್ಣಿಗೆ ಬೀಳದಿದ್ದರೆ ಕೂಗುತ್ತಲೂ ಇರಲಿಲ್ಲ. ಹಾಗಾಗಿ ಅವನು ಬಾಯಿ ಬಿಡಲಿ ಅಂತ ಕಾಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಮೇಸ್ತ್ರಿಯೇ ಅವನನ್ನು ಕೇಳುತ್ತಾರೆ, “ಅಣ್ಣ ಹೇಗಿದಾರೆ?” ಅಂತ. ಅಣ್ಣನನ್ನು ಅಲ್ಲ.

ಕೂಲಿಯ ವಿಷಯ ಅರ್ಧ ಬಗೆಹರಿದಿದೆ. ಶೀಟಿನ ಲೆಕ್ಕದಲ್ಲಿ ದುಡ್ಡು ಇರುವವರೆಗೆ ಪ್ರತಿ ವಿರಾಮವೂ ಕೆಲಸಗಾರರ ಜೇಬಿನಿಂದಲೇ ಹೋಗುತ್ತದೆ. ಆಗ ಯಾವ ಗುರುತು ಹಾಕಿದರೂ “ಇನ್ನೆರಡು” ಅನ್ನುವ ಮಾತು ಬಂದೇ ಬರುತ್ತದೆ. ಗಾಳಿಯ ಅಂಕಿ ದಾಟಿ ಕೆಲಸ ನಿಂತರೆ ಆ ಗಂಟೆಗಳಿಗೆ ದಿನಗೂಲಿಯ ದರದಲ್ಲಿ ಕೊಡಲು ಕೆಲಸ ಕೊಟ್ಟವರು ಒಪ್ಪಿದ್ದಾರೆ. ಬಟ್ಟೆ ಒದ್ದೆಯಾಗಿ ಇಳಿದರೆ ಕೊಡಲು ಇನ್ನೂ ಒಪ್ಪಿಲ್ಲ. ಅದನ್ನು ಅಳೆಯುವುದು ಹೇಗೆ ಅಂತ ಕೇಳುತ್ತಿದ್ದಾರೆ.